ಸ್ಮಾರ್ಟ್ ಬೋರ್ಡಿಗೆ ಮಖಮಲ್ಲಿನ ಹೊದಿಕೆ

ನಾನು ಪಾಠ ಮಾಡುವ ವಿಶ್ವವಿದ್ಯಾಲಯದ ಹೆಸರು ಹೇಳುವುದಿಲ್ಲ. ಮುಂದಿನ ವರ್ಷವೂ ನನಗೆ ಕೆಲಸ ಬೇಕು. ಇಷ್ಟು ಮಾತ್ರ ಹೇಳಬಹುದು: ಅದರ ಸ್ನಾತಕೋತ್ತರ ಕೇಂದ್ರವೊಂದು ಹರಿಹರದಲ್ಲಿದೆ, ಅಲ್ಲಿ ನಾನು ಅರ್ಥಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕಿ. ದಾವಣಗೆರೆಯ ವಿನೋಬನಗರದಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಹೆಸರು ಅಂಜಿನವ್ವ, ಅಜ್ಜಿಯ ಹೆಸರನ್ನೇ ನನಗಿಟ್ಟರು. ಈ ಅತಿಥಿ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ಯಾವ ಮನೆಯಲ್ಲಿ ಅತಿಥಿಯನ್ನು ವರ್ಷವರ್ಷವೂ ಹೊರಗೆ ನಿಲ್ಲಿಸಿ, ಹೊಸದಾಗಿ ಅರ್ಜಿ ಹಾಕಿಸಿಕೊಂಡು ಒಳಗೆ ಕರೆಯುತ್ತಾರೆ, ನೀವೇ ಹೇಳಿ. ನಮ್ಮ ಕೇಂದ್ರದಲ್ಲಿ ಕಾಯಂ ಉಪನ್ಯಾಸಕರಿಗೆ ಲ್ಯಾಪ್‌ಟಾಪ್ ಕೊಟ್ಟಿದ್ದಾರೆ. ನಮಗೆ ವೈಫೈ ಪಾಸ್‌ವರ್ಡನ್ನೂ ಕೊಟ್ಟಿಲ್ಲ.

ಈ ವರ್ಷ ಹೊಸದೊಂದು ನಿಯಮ ಬಂತು. ಮತ್ತೆ ನೇಮಕ ಆಗಬೇಕಾದರೆ ಅತಿಥಿ ಉಪನ್ಯಾಸಕರು ಒಂದು ಪಾಠ ಮಾಡಿ ತೋರಿಸಬೇಕು. ಮುಖ್ಯ ಕಚೇರಿಯ ಸಮಿತಿಯವರು ವಿಡಿಯೋ ಕಾಲ್‌ನಲ್ಲಿ ಕೂತು ನೋಡುತ್ತಾರೆ. ಪಾಠಕ್ಕೆ ಅರ್ಧ ಅಂಕ, ಡಿಜಿಟಲ್ ಉಪಕರಣ ಬಳಸಿದ್ದಕ್ಕೆ ಇನ್ನರ್ಧ. ನನ್ನ ಹಿಂದೆ ನೆಟ್ ಪರೀಕ್ಷೆ ಪಾಸಾದ ಹುಡುಗ ಹುಡುಗಿಯರು ಸಾಲಾಗಿ ನಿಂತಿದ್ದಾರೆ. ಒಂದು ವರ್ಷ ಹೊರಗೆ ಬಿದ್ದರೆ ನಾನು ಮತ್ತೆ ಒಳಗೆ ಬರುವ ಮಾತೇ ಇಲ್ಲ.

ನಮ್ಮ ವಿಭಾಗದಲ್ಲಿ ಸ್ಮಾರ್ಟ್ ಬೋರ್ಡ್ ಇರಲಿಲ್ಲವೆಂದು ತಿಳಿಯಬೇಡಿ. ಇತ್ತು. ಕಾರಿಡಾರಿನ ಕೊನೆಯ ಕೋಣೆಯಲ್ಲಿ, ಗೋಡೆಯ ಕರಿಹಲಗೆಯ ಪಕ್ಕದಲ್ಲೇ ಇತ್ತು. ಅದಕ್ಕೆ ಕೆಂಪು ಮಖಮಲ್ಲಿನ ಹೊದಿಕೆ, ಅಂಚಿಗೆ ಜರಿ. ಪೇಟೆಯ ಟೇಲರ್ ಜಮಾಲ್ ಸಾಬರು ಅಳತೆ ತೆಗೆದುಕೊಂಡು ಹೋಗಿ ಹೊಲಿದು ಕೊಟ್ಟದ್ದು. ಕೋಣೆಗೆ ಬೀಗ. ಬೀಗದ ಕೈ ವಿಭಾಗದ ಮುಖ್ಯಸ್ಥರಾದ ಗುತ್ತೆಪ್ಪ ಸರ್ ಹತ್ತಿರ. ಅದನ್ನು ಅವರು ಉಡಿದಾರಕ್ಕೆ ಕಟ್ಟಿಕೊಂಡಿದ್ದಾರೆ ಎಂದು ಸೈಫುಲ್ಲಾ ತಮಾಷೆ ಮಾಡುತ್ತಿದ್ದರು. ಸೈಫುಲ್ಲಾ ಎಂದರೆ ವಾಣಿಜ್ಯ ವಿಭಾಗದ ಅತಿಥಿ, ನನ್ನಂಥದೇ ಇನ್ನೊಂದು ಜೀವ.

ಆ ಬೋರ್ಡಿನ ಹೊದಿಕೆ ತೆಗೆಯುತ್ತಿದ್ದುದು ವರ್ಷಕ್ಕೆ ಒಂದೇ ಸಲ, ಆಯುಧಪೂಜೆಗೆ. ಅವತ್ತು ಅದಕ್ಕೆ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಮುಂದೆ ಕಾಯಿ ಒಡೆಯುತ್ತಿದ್ದೆವು. ಮಂಡಕ್ಕಿ, ಬೆಲ್ಲ, ಕೊಬ್ಬರಿಯ ಪ್ರಸಾದದಲ್ಲಿ ಒಂದು ಬಟ್ಟಲನ್ನು ಅದರ ಕೆಳಗಿನ ಪೆಟ್ಟಿಗೆಯೊಳಗೆ ಇಟ್ಟು ಕೈಮುಗಿದು ಮತ್ತೆ ಹೊದಿಕೆ ಹಾಕಿ ಬೀಗ ಜಡಿಯುತ್ತಿದ್ದರು. ಯಾರೂ ಅದನ್ನು ಚಾಲೂ ಮಾಡಿದ್ದನ್ನು ನಾನು ಕಂಡಿಲ್ಲ.

ಗುತ್ತೆಪ್ಪ ಸರ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಬೈಯಲು ಸುಲಭವಾಗುತ್ತಿತ್ತು. ಭಾನುವಳ್ಳಿಯವರು. ಬಿಳಿ ಅಂಗಿ, ಕಿಸೆಯಲ್ಲಿ ಎರಡು ಸೀಮೆಸುಣ್ಣ. ಕರಿಹಲಗೆಯ ಮೇಲೆ ಅವರು ಬೇಡಿಕೆಯ ರೇಖೆ ಎಳೆದರೆ ಕೈ ಎತ್ತುತ್ತಿರಲಿಲ್ಲ, ಅಳಿಸುತ್ತಲೂ ಇರಲಿಲ್ಲ. ಜೂನ್ ಕೊನೆಗೆ ಅವರ ನಿವೃತ್ತಿ. ಬೋರ್ಡ್ ಬಂದ ದಿನ ಅದು ಸುಸ್ಥಿತಿಯಲ್ಲಿದೆ ಎಂದು ದಾಸ್ತಾನು ಪುಸ್ತಕದಲ್ಲಿ ಸಹಿ ಹಾಕಿದವರು ಅವರೇ. ನಮ್ಮಲ್ಲಿ ಸಹಿ ಹಾಕಿದವನೇ ಹೊಣೆ. ವಸ್ತು ಕೆಟ್ಟರೆ ನಿವೃತ್ತಿಯ ಹೊತ್ತಿಗೆ ಬಾಕಿ ಇಲ್ಲವೆಂಬ ಪ್ರಮಾಣಪತ್ರ ಸಿಗುವುದಿಲ್ಲ, ಅದಿಲ್ಲದೆ ಪಿಂಚಣಿಯ ಕಾಗದ ಮೇಜು ಬಿಟ್ಟು ಏಳುವುದಿಲ್ಲ. ಅವರ ಜೊತೆಗಾರರೊಬ್ಬರು ಕಾಣೆಯಾದ ಒಂದು ಪ್ರೊಜೆಕ್ಟರಿನ ಕಾರಣಕ್ಕೆ ಕಚೇರಿಯಿಂದ ಕಚೇರಿಗೆ ಅಲೆದು ಅಲೆದು, ಪಿಂಚಣಿಯ ಮುಖ ನೋಡದೆ ತೀರಿಕೊಂಡಿದ್ದರು. ಅವರ ಮಣ್ಣಿಗೆ ಹೋಗಿಬಂದ ಮೇಲೆ ಸರ್ ಎರಡನೇ ಬೀಗ ತಂದರು.

ನಿಯಮ ಬಂದ ವಾರದಲ್ಲೇ ಹೋಗಿ ಕೇಳಿದೆ.

"ಸರ್, ಸ್ಮಾರ್ಟ್ ಬೋರ್ಡ್ ಬೇಕಿತ್ತು. ನಾಲ್ಕು ದಿನ ಕೈ ಆಡಿಸಿ ರೂಢಿ ಮಾಡ್ಕೊಂತೀನಿ."

"ಕೂಡ್ರಿ ಮೇಡಂ," ಎಂದರು. ಕೂತೆ. ಚಹಾ ತರಿಸಿದರು. ಚಹಾ ತರಿಸಿದರು ಎಂದರೆ ಕೆಲಸ ಆಗುವುದಿಲ್ಲ ಎಂದೇ ಲೆಕ್ಕ.

"ಅದು ಬ್ಯಾಡ್ರಿ. ನೀವು ಒತ್ತಬಾರದ್ದು ಏನಾದ್ರೂ ಒತ್ತಿ, ಅದು ಕೆಟ್ಟು ಕೂತ್ರೆ ನನ್ನ ತಲಿಗೇ ಬರ್ತೈತೆ. ಜೂನ್ ಮುಗೀಲಿ. ನನ್ನ ಹಿಂದ ಬಂದೋರ ಹತ್ರ ಕೇಳ್ರಿ, ಕೊಡ್ತಾರೆ."

"ನನ್ನ ಡೆಮೋ ಮೇ ತಿಂಗಳದಾಗೆ ಐತೆ ಸರ್."

"ನನಗೂ ಗೊತ್ತೈತ್ರಿ. ಏನ್ ಮಾಡ್ಲಿ ಹೇಳ್ರಿ."

ಚಹಾ ಕುಡಿದು ಎದ್ದುಬಂದೆ. ಬಸ್ಸಿನಲ್ಲಿ ಕೂತು ಫೋನಿನಲ್ಲಿ ಸ್ಮಾರ್ಟ್ ಬೋರ್ಡಿನ ವಿಡಿಯೋಗಳನ್ನು ನೋಡಲು ಶುರುಮಾಡಿದೆ. ಹರಿಹರ ಬಿಟ್ಟು ದಾವಣಗೆರೆ ತಲುಪುವವರೆಗೆ ಬೆರಳಿನಿಂದ ಹೆಂಗೆ ಬರೆಯುವುದು, ಹೆಂಗೆ ಅಳಿಸುವುದು, ನಕ್ಷೆಯನ್ನು ಹೆಂಗೆ ಹಿಗ್ಗಿಸುವುದು ಎಂದು ನೋಡುವುದು. ಮನೆಗೆ ಬಂದು ಫ್ರಿಜ್ಜಿನ ಬಾಗಿಲ ಮೇಲೆ ಬೆರಳಾಡಿಸಿ ರೂಢಿ ಮಾಡುವುದು. ನೋಡಿದ ನನ್ನ ಗಂಡ ಕಾಂತರಾಜ್, "ಏನೇ, ಫ್ರಿಜ್ಜಿಗೆ ದೃಷ್ಟಿ ತೆಗಿತೀಯಾ?" ಎಂದು ನಕ್ಕ. ನಾನು ನಗಲಿಲ್ಲ. ಈಜು ಕಲಿಯಲು ಹಾಸಿಗೆಯ ಮೇಲೆ ಕೈಕಾಲು ಬಡಿಯುತ್ತಿರುವವಳಂತೆ ಆಗಿತ್ತು ನನ್ನ ಸ್ಥಿತಿ.

ಡೆಮೋದ ದಿನಾಂಕ ಬಂದ ಮೇಲೆ ಮತ್ತೊಮ್ಮೆ ಹೋದೆ. ಈ ಸಲ ಕೂರಲೇ ಇಲ್ಲ. ಚಹಾ ಬೇಡವೆಂದು ಬಾಗಿಲಲ್ಲೇ ಹೇಳಿದೆ.

"ಸರ್, ನೀವು ನಿವೃತ್ತಿ ಆಗ್ತೀರಿ. ನಾನು ನಿವೃತ್ತಿ ಆಗಬೇಕು ಅಂದ್ರೂ ಮೊದ್ಲು ಕೆಲ್ಸ ಅಂತ ಒಂದು ಇರಬೇಕಲ್ರಿ. ಆ ಬೋರ್ಡು ನಿಮ್ಮ ಮನೆ ದೇವರಲ್ಲ, ಪಾಠ ಮಾಡಾಕೆ ಕೊಟ್ಟಿದ್ದು. ಪಾಠ ಮಾಡೋರಿಗೆ ಕೊಡದೆ ಅದಕ್ಕೆ ಮಖಮಲ್ಲು ಹೊದಿಸಿ ಕೂರಿಸೀರಿ."

ನನ್ನ ದನಿ ಕಾರಿಡಾರಿನವರೆಗೂ ಹೋಗಿರಬೇಕು, ಆಚೆ ಸೈಫುಲ್ಲಾ ಕೆಮ್ಮಿದರು. ಸರ್ ತಲೆ ತಗ್ಗಿಸಿ ಮೇಜಿನ ಗಾಜನ್ನೇ ನೋಡುತ್ತ, "ಅವತ್ತು ಒಂದ್ ದಿನ, ಒಂದ್ ತಾಸು. ನಾನು ಪಕ್ಕದಾಗೆ ನಿಂತಿರ್ತೀನಿ. ಮೊದ್ಲೇ ಮುಟ್ಟೋದು ಬ್ಯಾಡ," ಎಂದರು. ಅಷ್ಟಾದರೂ ಆಯಿತಲ್ಲ ಎಂದುಕೊಂಡೆ.

ಡೆಮೋದ ದಿನ ಬೆಳಿಗ್ಗೆ ವಿದ್ಯಾರ್ಥಿಗಳು ಬಂದು ಕೂತರು. ಸರ್ ಎರಡೂ ಬೀಗ ತೆಗೆದರು. ಹೊದಿಕೆಗೆ ಕೈಮುಗಿದು ನಿಧಾನವಾಗಿ ಮೇಲೆತ್ತಿದರು. ಒಣಗಿದ ಚೆಂಡುಹೂವಿನ ಹಾರ ಪುಡಿಪುಡಿಯಾಗಿ ಉದುರಿತು. ನಾನು ಸ್ವಿಚ್ ಹಾಕಿದೆ. ಬೋರ್ಡು ಏಳಲಿಲ್ಲ. ಮತ್ತೆ ಹಾಕಿದೆ. ಇಲ್ಲ. ಪ್ಲಗ್ ಅಲುಗಾಡಿಸಿದೆ, ಇಲ್ಲ. ನೆರವಿಗೆಂದು ಬಂದಿದ್ದ ಸೈಫುಲ್ಲಾ ಬಗ್ಗಿ ಕೆಳಗಿನ ಪೆಟ್ಟಿಗೆಯ ಬಾಗಿಲು ತೆಗೆದರು. ಒಳಗಿಂದ ಕಮಟು ವಾಸನೆ ಬಡಿಯಿತು. ಪ್ರಸಾದದ ಬಟ್ಟಲು ಖಾಲಿಯಾಗಿತ್ತು. ಮಂಡಕ್ಕಿ ಬೆಲ್ಲ ಮುಗಿಸಿದ ಇಲಿಗಳು ವೈರುಗಳನ್ನೂ ಬಿಟ್ಟಿರಲಿಲ್ಲ. ಕೆಂಪು, ಹಸಿರು, ಕಪ್ಪು ಚೂರುಗಳ ನಡುವೆ ಇಲಿಯ ಹಿಕ್ಕೆ.

ಸರ್ ಅದನ್ನು ನೋಡಿದರು. ನಾನು ಸರ್ ಮುಖ ನೋಡಿದೆ. ಸಿಟ್ಟು ಬರಬೇಕಿತ್ತು, ಬಂದಿತ್ತು ಕೂಡ, ಆದರೆ ಅವರ ಮುಖ ನೋಡಿದ ಮೇಲೆ ಅದು ಇಳಿದುಹೋಯಿತು. ಪ್ರತಿ ವರ್ಷ ಆ ಬಟ್ಟಲನ್ನು ಒಳಗಿಟ್ಟವರು ಅವರೇ.

"ಮೇಡಂ, ಸಮಿತಿ ಲಿಂಕ್ ಬಂತು," ಎಂದಳು ಮೊದಲ ಬೆಂಚಿನ ಬುಷ್ರಾ. ನನ್ನ ಡೇಟಾ ನೆಚ್ಚುವಂಥದ್ದಲ್ಲ ಎಂದು ತನ್ನ ಫೋನಿನ ಹಾಟ್‌ಸ್ಪಾಟ್ ಆಗಲೇ ಹಾಕಿ ಕೂತಿದ್ದ ಹುಡುಗಿ ಅದು.

ಬೋರ್ಡಿನ ಕ್ಯಾಮೆರಾ ಸತ್ತಿತ್ತು, ಉಳಿದದ್ದು ನನ್ನ ಫೋನು. ಬೆಂಚಿನ ಮೇಲೆ ಇಟ್ಟರೆ ನನ್ನ ಸೊಂಟ ಮಾತ್ರ ಕಾಣುತ್ತಿತ್ತು. ಏನು ಮಾಡುವುದೆಂದು ನೋಡುತ್ತಿರುವಾಗ ಗುತ್ತೆಪ್ಪ ಸರ್ ಕೈ ಚಾಚಿದರು.

"ಇಲ್ಲಿ ಕೊಡ್ರಿ. ನಾನು ಹಿಡಿತೀನಿ. ನೀವು ಪಾಠ ಮಾಡ್ರಿ."

ಎರಡೂ ಕೈಯಲ್ಲಿ ಆರತಿಯ ತಟ್ಟೆ ಹಿಡಿದಂತೆ ಫೋನನ್ನು ಎದೆಯ ಮಟ್ಟಕ್ಕೆ ಹಿಡಿದು ಅವರು ಬೆಂಚುಗಳ ನಡುದಾರಿಯಲ್ಲಿ ನಿಂತರು. ನಾನು ಸೀಮೆಸುಣ್ಣ ತೆಗೆದುಕೊಂಡು ಪಕ್ಕದ ಕರಿಹಲಗೆಗೆ ಹೋದೆ.

ಬೆಲೆ ಮತ್ತು ಬೇಡಿಕೆ ನನ್ನ ಪಾಠ. ಮಂಡಕ್ಕಿಯ ಉದಾಹರಣೆ ಕೊಡಬೇಕೆಂದು ವಾರದಿಂದ ತಯಾರಾಗಿದ್ದೆ, ಆ ಹೊತ್ತಿನಲ್ಲಿ ಮಂಡಕ್ಕಿಯ ಹೆಸರೆತ್ತಲು ಮನಸ್ಸಾಗದೆ ಮಿರ್ಚಿ ಬಜ್ಜಿಗೆ ಬದಲಾಯಿಸಿದೆ. ಮೆಣಸಿನಕಾಯಿ ತುಟ್ಟಿಯಾದರೆ ಬಜ್ಜಿಯ ಗಾತ್ರ ಏನಾಗುತ್ತದೆ, ಅಂಗಡಿಯವನು ದರ ಏರಿಸದೆ ಹೆಂಗೆ ಏರಿಸುತ್ತಾನೆ ಎಂದು ಕೇಳಿದೆ. ಹುಡುಗರು ನಕ್ಕರು, ಉತ್ತರ ಕೊಟ್ಟರು, ಒಬ್ಬರ ಮೇಲೊಬ್ಬರು ವಾದಕ್ಕೆ ಬಿದ್ದರು. ರೇಖೆ ಎಳೆದೆ. ಪಾಠ ಚೆನ್ನಾಗಿಯೇ ಹೋಗುತ್ತಿತ್ತು, ನನಗೇ ಗೊತ್ತಾಗುತ್ತಿತ್ತು.

ಫೋನಿನಿಂದ ದನಿ ಬಂತು. "ಮೇಡಂ, ಒಂದು ನಿಮಿಷ. ಸ್ಮಾರ್ಟ್ ಬೋರ್ಡ್ ಎಲ್ಲಿ? ನಿಮ್ಮ ವಿಭಾಗಕ್ಕೆ ಕೊಟ್ಟಿದ್ದೇವಲ್ಲ?"

"ತಾಂತ್ರಿಕ ತೊಂದರೆ ಸರ್."

"ಮೊದಲೇ ಪರೀಕ್ಷೆ ಮಾಡಿಕೊಳ್ಳಬೇಕಿತ್ತಲ್ಲ. ಡಿಜಿಟಲ್ ಉಪಕರಣ ಬಳಸದಿದ್ದರೆ ಆ ಭಾಗಕ್ಕೆ ಸೊನ್ನೆ ಕೊಡಬೇಕಾಗುತ್ತೆ. ಇದು ನಿಮ್ಮ ಬೇಜವಾಬ್ದಾರಿ ಅಂತಲೇ ಬರೀಬೇಕಾಗುತ್ತೆ."

ಸೊನ್ನೆ ಬಿತ್ತೆಂದರೆ ನಾನು ಹೊರಗೆ. ಬಾಯಿ ತೆರೆದು, ಇದನ್ನು ಬೀಗ ಹಾಕಿ ಇಟ್ಟಿದ್ದರು, ನನಗೆ ಮುಟ್ಟಲು ಬಿಡಲಿಲ್ಲ, ಇಲಿ ತಿಂದಿದೆ ಎಂದು ಹೇಳಿದರೆ ನಾನು ಉಳಿಯುತ್ತಿದ್ದೆ. ಆದರೆ ಫೋನು ಹಿಡಿದು ಎದುರಿಗೆ ನಿಂತಿದ್ದವರು ಅವರೇ. ನಿವೃತ್ತಿಗೆ ತಿಂಗಳು ಉಳಿದಿತ್ತು. ಹೇಳಿಬಿಡಲೇ ಎಂದುಕೊಂಡೆ. ನನ್ನ ಬಾಯಿ ಎಂಥದ್ದು ಎಂದು ವಿನೋಬನಗರಕ್ಕೆಲ್ಲ ಗೊತ್ತು. ಅವತ್ತು ಅದು ತೆರೆಯಲಿಲ್ಲ.

"ಮೇಡಂ, ಕೇಳಿಸ್ತಾ?" ಎಂದಿತು ಫೋನು.

ಆಗ ಸರ್ ಫೋನನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಕ್ಯಾಮೆರಾ ಬದಲಿಸಲು ಒತ್ತುವ ಗುಂಡಿ ಎಲ್ಲಿದೆಯೆಂದು ಅವರಿಗೆ ಗೊತ್ತಿರಲಿಲ್ಲ, ಫೋನನ್ನೇ ಹಿಂದುಮುಂದು ಮಾಡಿದರು. ಪರದೆ ನಮ್ಮ ಕಡೆ ಆಯಿತು, ಅವರ ಕಣ್ಣಿಗೆ ಬಿದ್ದದ್ದು ಫೋನಿನ ಬೆನ್ನು. ಸಮಿತಿಯವರ ಮುಖ ಅವರಿಗೆ ಕಾಣುತ್ತಿರಲಿಲ್ಲ. ಆ ಬೆನ್ನನ್ನೇ ನೋಡುತ್ತ ಮಾತಾಡಿದರು.

"ನಮಸ್ಕಾರ್ರಿ. ನಾನು ಗುತ್ತೆಪ್ಪ, ಇಲ್ಲಿ ವಿಭಾಗದ ಮುಖ್ಯಸ್ಥ. ಈ ಬೋರ್ಡು ಬಂದ ದಿನದಿಂದ ಬೀಗ ಹಾಕಿ ಇಟ್ಟಿದ್ದು ನಾನು. ಮೇಡಂ ಎರಡು ಸಲ ಬಂದು ಕೇಳಿದ್ರು, ನಾನೇ ಕೊಡ್ಲಿಲ್ಲ. ಕೆಡಬಾರದು ಅಂತ ಇಟ್ಟೆ, ಇಟ್ಟಲ್ಲೇ ಇಲಿ ತಿಂದ್ವು. ಅದರಾಗೆ ಈಕಿ ತಪ್ಪು ಒಂದೂ ಇಲ್ಲ. ನೀವು ಬರೆಯೋದು ಇದ್ರೆ ನನ್ನ ಹೆಸರಿಗೆ ಬರೀರಿ. ಈಕಿ ಹೊಟ್ಟೆ ಮ್ಯಾಲೆ ಹೊಡಿಬ್ಯಾಡ್ರಿ."

ಪರದೆಯ ಮೇಲೆ ಸಮಿತಿಯ ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದು ನಮಗೆ ಕಂಡಿತು, ಸರ್‌ಗೆ ಕಾಣಲಿಲ್ಲ. ಅವರು ಉತ್ತರಕ್ಕಾಗಿ ಕಿವಿ ಕೊಟ್ಟು ನಿಂತಿದ್ದರು.

"ಸರ್, ನಿಮಗೆ ನಿವೃತ್ತಿ ಹತ್ತಿರ ಇದೆ ಅಲ್ವಾ?" ಎಂದರು ಆ ಕಡೆಯಿಂದ ಒಬ್ಬರು, ಮೆಲ್ಲಗೆ. "ಇದೆಲ್ಲ ರೆಕಾರ್ಡ್ ಆಗ್ತಿದೆ."

"ಆಗ್ಲಿ ಅಂತನೇ ಹೇಳಿದ್ದು."

ಆಮೇಲೆ, "ಮೇಡಂ ಪಾಠ ಮುಂದುವರಿಸಲಿ," ಎಂದಿತು ದನಿ.

ಸರ್ ಫೋನನ್ನು ಮತ್ತೆ ನನ್ನ ಕಡೆ ತಿರುಗಿಸಿದರು. ಇಷ್ಟು ಹೊತ್ತು ಹಿಡಿದು ಅವರ ಕೈ ಸೋತಿತ್ತು. ಸೈಫುಲ್ಲಾ ಹೋಗಿ, "ಇಲ್ಲಿ ಕೊಡ್ರಿ ಸರ್, ನಾ ಹಿಡಿತೀನಿ," ಎಂದು ಕೈ ಒಡ್ಡಿದರು. ಸರ್ ಕೊಡಲಿಲ್ಲ. ನಾನು ಕರಿಹಲಗೆಯ ಕಡೆ ತಿರುಗಿದೆ, ಯಾಕೆಂದರೆ ಕಣ್ಣು ತುಂಬಿಬಂದಿತ್ತು. ಮಾಸ್ತರರು ಅತ್ತರೆ ಹುಡುಗರು ಪಾಠ ಮರೆಯುತ್ತಾರೆ. ಬೆನ್ನು ತೋರಿಸಿಕೊಂಡೇ ಎರಡನೇ ರೇಖೆ ಎಳೆದೆ. ಅದು ಸೊಟ್ಟಗಾಯಿತು, ಅಳಿಸಿ ಮತ್ತೆ ಎಳೆದೆ.

ಜುಲೈನಲ್ಲಿ ನೇಮಕದ ಪಟ್ಟಿ ಬಂತು, ನನ್ನ ಹೆಸರಿತ್ತು. ಜೂನ್ ಕೊನೆಯ ದಿನ ಸರ್‌ಗೆ ಹಾರ ಹಾಕಿ ಶಾಲು ಹೊದಿಸಿ ಕಳಿಸಿದ್ದೆವು. ಪ್ರಮಾಣಪತ್ರ ಮಾತ್ರ ಅವರ ಕೈ ಸೇರಲಿಲ್ಲ. ವಿವರಣೆ ಕೇಳಿ ಒಂದು ನೋಟಿಸ್ ಬಂತು, ಅದಕ್ಕೆ ಉತ್ತರ ಬರೆದರು, ಇನ್ನೊಂದು ಬಂತು. ನನ್ನ ಕೆಲಸ ಉಳಿದ ಖುಷಿಯನ್ನು ನಾನು ಇವತ್ತಿಗೂ ಪೂರ್ತಿ ಅನುಭವಿಸಿಲ್ಲ.

ಮೊನ್ನೆ ತಡೆಯಲಾರದೆ ಭಾನುವಳ್ಳಿಗೆ ಫೋನು ಹಚ್ಚಿದೆ.

"ಸರ್, ನಿಮ್ಮ ಕಾಗದ ಏನಾಯ್ತು? ನಾನು ಮುಖ್ಯ ಕಚೇರಿಗೆ ಹೋಗಿ ಕೇಳ್ಲಾ? ಬಾಯಿ ಮಾಡಿಯಾದ್ರೂ ಬರ್ತೀನಿ."

"ನೀ ಹೋಗಿ ಬಾಯಿ ಮಾಡಿದ್ರೆ ಬರೋದೂ ಬರಂಗಿಲ್ಲ," ಎಂದು ನಕ್ಕರು. "ಅದು ಬರೋವಾಗ ಬರ್ತೈತೆ ಬಿಡವ್ವ. ಇವತ್ತು ಏನ್ ಪಾಠ ಮಾಡಿದಿ, ಅದನ್ನ ಹೇಳು."

ಹೇಳಿದೆ. ನಡುನಡುವೆ ಹೂಂ, ಹೂಂ ಎನ್ನುತ್ತ ಪೂರ್ತಿ ಕೇಳಿಸಿಕೊಂಡರು.