ಮಸ್ತಾನನ ಮೊಣಕೈ

"ಅಂಗಿ ತೋಳು ಮಡಚು, ನೋಡ್ತೀನಿ," ಎಂದ ರವಿಶಂಕರ.

ಮಸ್ತಾನ್ ಚೆಂಡನ್ನು ಎಡಗೈಗೆ ದಾಟಿಸಿದ. "ಯಾಕೆ ಗುರು? ವಿಕೆಟ್ ಬೀಳ್ತಾ ಇಲ್ವಾ?"

ಬೀಳುತ್ತಿದ್ದವು, ಅದೇ ತಲೆನೋವು. ದೊಡ್ಡಬಳ್ಳಾಪುರದ ನೇಕಾರರ ಟೀಮಿಗೆ ಮಸ್ತಾನ್ ಬಂದು ಎರಡು ತಿಂಗಳಾಗಿತ್ತು. ಅವನ ಆಫ್ ಸ್ಪಿನ್ ಗೇಣುದ್ದ ತಿರುಗುತ್ತಿತ್ತು. ಅಷ್ಟು ತಿರುಗುವ ಚೆಂಡು ನ್ಯಾಯವಾಗಿ ಬಂದದ್ದೆಂದು ಕ್ಯಾಪ್ಟನ್ ರವಿಶಂಕರನ ಮನಸ್ಸು ಒಪ್ಪುತ್ತಿರಲಿಲ್ಲ. ಸುಡುಬಿಸಿಲಲ್ಲೂ ತುಂಬುತೋಳಿನ ಅಂಗಿ, ಅದಕ್ಕೆ ಗುಂಡಿ ಬೇರೆ! ಮಡಚಿದ ಮೊಣಕೈ ಚೆಂಡು ಬಿಡುವಾಗ ನೆಟ್ಟಗಾದರೆ ಅದು ಬೌಲಿಂಗಲ್ಲ, ಕಲ್ಲೆಸೆತ. ನಾಳೆ ಬಾಶೆಟ್ಟಿಹಳ್ಳಿಯ ಕಾರ್ಖಾನೆಯವರ ಮೇಲೆ ಫೈನಲ್. ಅಂಪೈರ್ 'ನೋ ಬಾಲ್' ಎಂದುಬಿಟ್ಟರೆ ಇಡೀ ಟೀಮಿನ ಮಾನ ಹೋಗುತ್ತದೆ. ಅದಕ್ಕಿಂತ ಇವತ್ತೇ ಇವನನ್ನು ಕೈಬಿಡುವುದು ವಾಸಿ.

ಅವನು ತನ್ನ ಮಗ್ಗದ ಶೆಡ್ಡಿನಿಂದ ಮರದ ಪಟ್ಟಿಯೊಂದನ್ನೂ ಒಂದಿಷ್ಟು ನೂಲನ್ನೂ ತಂದಿದ್ದ. "ಇದನ್ನ ಕೈಗೆ ಕಟ್ತೀನಿ. ಕಟ್ಕೊಂಡೂ ಹಂಗೇ ತಿರುಗಿಸಿದ್ರೆ ನಾಳೆ ಆಡು."

ಮಸ್ತಾನ್ ಗುಂಡಿ ಬಿಚ್ಚಿದ. ಪಟ್ಟಿ ಕೂರಲಿಲ್ಲ. ಎಷ್ಟು ಒತ್ತಿದರೂ ತೋಳಿಗೂ ಪಟ್ಟಿಗೂ ನಡುವೆ ಮೂರು ಬೆರಳು ಸಂದು.

"ನೆಟ್ಟಗೆ ಚಾಚೋ."

"ಇಷ್ಟೇ ಗುರು. ಮೂರು ವರ್ಷದಿಂದ ಇಷ್ಟೇ."

ಮೊಣಕೈ ಮೇಲೆ ಬೆಲ್ಟಿನಗಲದ ಗಾಯದ ಗುರುತಿತ್ತು. ಮೂರು ವರ್ಷದ ಹಿಂದೆ ಮಸ್ತಾನ್ ರವಿಶಂಕರನ ಶೆಡ್ಡಿನಲ್ಲೇ ನೇಯುತ್ತಿದ್ದ. ಕರೆಂಟ್ ಹೋದಾಗ ಮಗ್ಗದ ಬೆಲ್ಟು ಸರಿಮಾಡಲು ಕೈ ಹಾಕಿದ್ದ. ಕರೆಂಟ್ ಬಂದೊಡನೆ ಸ್ವಿಚ್ ಒತ್ತಿದವನು ರವಿಶಂಕರ. ಒತ್ತುವ ಮೊದಲು 'ಕೈ ತೆಗೀರಿ' ಎಂದು ಕೂಗಬೇಕು, ಅದು ಎಲ್ಲ ಶೆಡ್ಡುಗಳ ಪದ್ಧತಿ. ನಾನು ಕೂಗಿದ್ದೆ, ಅವನಿಗೇ ಕೇಳಿಸಲಿಲ್ಲ ಎಂದು ರವಿಶಂಕರ ಊರಿಗೆಲ್ಲ ಹೇಳಿದ್ದ. ಹೇಳಿ ಹೇಳಿ ತಾನೂ ನಂಬಿದ್ದ.

ನೆಟ್ಟಗಾಗದ ಕೈ ಚೆಂಡನ್ನು ಎಸೆಯುವುದಾದರೂ ಹೇಗೆ? ಆ ಕೈ ಏನಾಯಿತೆಂದು ಆಮೇಲೆ ಒಮ್ಮೆಯೂ ಕೇಳದ ರವಿಶಂಕರನಿಗೆ ನಾಚಿಕೆಯಾಯಿತು. ಆದರೂ ಹಾಳು ಅನುಮಾನ ಬಿಡಲಿಲ್ಲ. ಇವನು ಟೀಮಿಗೆ ಬಂದದ್ದೇ ಈ ಕೈಯನ್ನು ನನಗೆ ತೋರಿಸಲೇನು?

"ಈ ಕೈ ಹೆಂಗಾಯ್ತು ಅಂತ ಅಂಪೈರ್ ಕೇಳಿದ್ರೆ ನೀನೇ ಹೇಳ್ಬೇಕು, ಕ್ಯಾಪ್ಟನ್ ಅಲ್ವಾ," ಎಂದ ಮಸ್ತಾನ್, ಗುಂಡಿ ಹಾಕಿಕೊಳ್ಳುತ್ತ. "ಹೆದರ್ಬೇಡ. ನೀನು ಕೂಗಿದ್ದೆ ಅಂತಾನೇ ನಾನೂ ಎಲ್ರಿಗೂ ಹೇಳ್ಕೊಂಡು ಬಂದಿದೀನಿ."

ರವಿಶಂಕರ ನೂಲನ್ನು ಸುತ್ತಿ ಜೇಬಿಗೆ ಹಾಕಿಕೊಂಡ.

ಅಷ್ಟರಲ್ಲಿ ಪಕ್ಕದ ಬೀದಿಗೆ, ಹೋಗಿದ್ದ ಕರೆಂಟ್ ಬಂತು. ಮೊದಲ ಶೆಡ್ಡಿನಿಂದ ಯಾರೋ ಗಂಟಲು ಹರಿಯುವಂತೆ ಕೂಗಿದರು: "ಕೈ ತೆಗೀರೋ!" ಒಂದು ಗಳಿಗೆ ಬಿಟ್ಟು ಮಗ್ಗಗಳು ಶುರುವಾದವು. ಪಟ್ಟಿ ಇನ್ನೂ ರವಿಶಂಕರನ ಕೈಯಲ್ಲೇ ಇತ್ತು.