ಚನ್ನಾಜಮ್ಮ ಹೇಳಿದ ಒಂದೇ ಸುಳ್ಳು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಮಾಂಬಳ್ಳಿಯ ಚನ್ನಾಜಮ್ಮ ಮಗಳ ಮದುವೆಗಾಗಿ ಹೇಳಿದ್ದು ಒಂದೇ ಒಂದು. ಸಾವಿರ ಹೇಳಿದವರ ಮಕ್ಕಳೆಲ್ಲ ಸಂಸಾರ ಮಾಡಿಕೊಂಡು ಚೆನ್ನಾಗಿಯೇ ಇದ್ದಾರೆ. ಯಾವ ನ್ಯಾಯವೋ ಇದು, ನನಗಂತೂ ತಿಳಿಯದು.

ಮಗಳು ಭವ್ಯ ಯಳಂದೂರಿನ ನರ್ಸರಿ ಶಾಲೆಯಲ್ಲಿ ಮೇಡಂ. ಹೊನ್ನೂರಿನ ಗುರುಪ್ರಕಾಶನ ಜೊತೆ ನಿಶ್ಚಿತಾರ್ಥ ಮುಗಿದು, ಮದುವೆಗೆ ಇನ್ನು ಒಂದು ತಿಂಗಳೂ ಇರಲಿಲ್ಲ. ಶಾಲೆಯಿಂದ ಬರುವಾಗ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಸ್ಕೂಟರ್ ಜಾರಿತು. ಹೆಲ್ಮೆಟ್ ಇದ್ದದ್ದರಿಂದ ತಲೆಗೆ ಏನೂ ಆಗಲಿಲ್ಲ, ಮೂಳೆಯೂ ಮುರಿಯಲಿಲ್ಲ. ಸೊಂಟ ಮಾತ್ರ ಹಿಡಿದುಕೊಂಡು, ಮಗ್ಗುಲು ಹೊರಳಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಕೊಳ್ಳೇಗಾಲದ ಡಾಕ್ಟರು ಎಕ್ಸ್‌ರೇ ನೋಡಿ ಬಲವಾದ ನೋವಿನ ಮಾತ್ರೆ ಬರೆದುಕೊಟ್ಟರು.

ಮೂರನೆಯ ದಿನ ಮಧ್ಯಾಹ್ನ, ಮಾತ್ರೆ ನುಂಗಿ ಸ್ವಲ್ಪ ಹೊತ್ತಿಗೆ, ಭವ್ಯಳ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಕೈಕಾಲು ಸೆಟೆದು ಒದ್ದಾಡಿದವು, ಬಾಯಲ್ಲಿ ನೊರೆ ಬಂತು. ಚನ್ನಾಜಮ್ಮ ಮೊದಲು ಓಡಿಹೋಗಿ ಬೀದಿ ಬಾಗಿಲು ಹಾಕಿದಳು. ಬೀಗದ ಕೈ ತಂದು ಮಗಳ ಮುಷ್ಟಿಯೊಳಗೆ ತುರುಕಿದ್ದು ಆಮೇಲೆ. ಯಾವುದನ್ನು ಮೊದಲು ಮಾಡಿದೆ ಅನ್ನುವುದನ್ನು ಅವಳು ಈಗಲೂ ಮರೆತಿಲ್ಲ.

ಎಚ್ಚರವಾಗಿ ಸುಧಾರಿಸಿಕೊಂಡ ಮೇಲೆ ಭವ್ಯ ಕೇಳಿದಳು. “ಅವ್ವಾ, ನಂಗ್ಯಾವತ್ತೂ ಇಂಗಾಗಿರ್ನಿಲ್ಲ. ಈ ಮಾತ್ರೆಯಿಂದ್ಲೇ ಬಂದಿರ್ಬೋದಾ?”

“ನೋವು ಕಳ್ಯೋ ಮಾತ್ರೆ ಯಾಕ್ ಫಿಟ್ಸ್ ತಂದದು ಮಗ?”

“ಡಾಕ್ಟ್ರುಗೆ ಯೋಳ್ಬೇಕು ಕಣವ್ವ.”

“ನಾನ್ ಯೋಳ್ತೀನಿ, ನೀ ಸುಮ್ನಿರು. ಇನ್ಯಾರ್ ತಾವೂ ಬಾಯ್ ಬಿಡ್ಬ್ಯಾಡ.”

ಗಂಡ ಷಡಕ್ಷರಿಗೂ ಅವಳು ಹೇಳಲಿಲ್ಲ. ಟೀ ಅಂಗಡಿಯ ಬೆಂಚಿನ ಮೇಲೆ ಕೂತರೆ ಆತನ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುತ್ತಿರಲಿಲ್ಲ. ಮಗಳಿಗೆ ಫಿಟ್ಸ್ ಅಂತೆ ಎಂದು ಒಬ್ಬರ ಕಿವಿಗೆ ಬಿದ್ದರೆ ಸಾಕು, ಸಂಜೆಯೊಳಗೆ ಹೊನ್ನೂರು ಮುಟ್ಟುತ್ತದೆ. ಆಮೇಲೆ ಯಾರು ಕಟ್ಟಿಕೊಳ್ಳುತ್ತಾರೆ?

ಆದರೆ ಡಾಕ್ಟರಿಗೆ ಹೇಳಬೇಕೆಂಬ ಮನಸ್ಸು ಅವಳಿಗೆ ನಿಜವಾಗಿಯೂ ಇತ್ತು. ಮಾರನೆಯ ದಿನ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೇ ಹೋದಳು. ನಮ್ಮ ಕಡೆಯ ಕ್ಲಿನಿಕ್ಕು ಗೊತ್ತಲ್ಲ, ಒಬ್ಬರನ್ನು ನೋಡುತ್ತಿರುವಾಗಲೇ ಮುಂದಿನ ಇಬ್ಬರು ಅದೇ ಕೋಣೆಯ ಬೆಂಚಿನ ಮೇಲೆ ಕೂತಿರಬೇಕು. ಒಬ್ಬರ ಮೂಲವ್ಯಾಧಿ ಇನ್ನೊಬ್ಬರ ಕಿವಿಗೆ ಬೀಳದೆ ಇರುವುದಿಲ್ಲ. ಅವತ್ತು ಆ ಬೆಂಚಿನ ಮೇಲೆ ಕೂತಿದ್ದವಳು ಹೊನ್ನೂರಿನ ಶಿವನಂಜಮ್ಮ, ಗುರುಪ್ರಕಾಶನ ಎದುರು ಮನೆಯವಳು. ನಿಶ್ಚಿತಾರ್ಥದ ದಿನ ಎರಡು ಸಲ ಪಾಯಸ ಹಾಕಿಸಿಕೊಂಡು, ಹೆಣ್ಣು ಲಕ್ಷಣವಾಗಿದ್ದಾಳೆ ಎಂದು ಹೋಗಿದ್ದವಳು.

“ನೋವು ಇನ್ನೂ ಇದ್ರೆ ಎರಡು ಹೊತ್ತಿನ ಬದಲು ಮೂರು ಹೊತ್ತು ಮಾಡೋಣ,” ಎಂದರು ಡಾಕ್ಟರು. “ಅದಕ್ಕೆ ಮುಂಚೆ ಹೇಳಿ, ವಾಂತಿ, ತಲೆಸುತ್ತು, ಫಿಟ್ಸ್ ಏನಾದ್ರೂ ಆಗಿತ್ತಾ?”

ಭವ್ಯ ಅವ್ವನ ಮುಖ ನೋಡಿದಳು. ಚನ್ನಾಜಮ್ಮ ಸೆರಗಿನ ಮರೆಯಲ್ಲಿ ಮಗಳ ಕೈ ಅದುಮಿದಳು.

“ಇಲ್ಲ ಸಾ, ಅಂತದ್ದೇನೂ ಇಲ್ಲ.” ಬೆಂಚಿನ ಮೇಲಿದ್ದ ಶಿವನಂಜಮ್ಮನಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದಳು. ಡಾಕ್ಟರು ಚೀಟಿಯಲ್ಲಿ ಮೂರು ಹೊತ್ತು ಎಂದು ಬರೆದರು.

ಹೊರಗೆ ಬಂದ ಮೇಲೆ ಭವ್ಯ ಯಾಕವ್ವ ಎಂದು ಕೇಳಿದಾಗ, “ಮದ್ವೆ ಒಂದ್ ಆಗೋಗ್ಲಿ ಮಗ. ಆಮ್ಯಾಕೆ ನಾನೇ ಮೈಸೂರ್ಗೆ ಕರ್ಕಂಡೋಗಿ ತೋರುಸ್ತೀನಿ,” ಎಂದಳು.

ಎರಡು ದಿನ ಏನೂ ಆಗಲಿಲ್ಲ. ಸೊಂಟದ ನೋವೂ ಇಳಿಯಿತು. ಚನ್ನಾಜಮ್ಮ ಗೆದ್ದವಳ ಹಾಗೆ ಮಗಳನ್ನು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದಳು. ಮೂರನೆಯ ದಿನ ಬೆಳಿಗ್ಗೆ ತಿಂಡಿ ತಿಂದು ಮಾತ್ರೆ ನುಂಗಿದ ಭವ್ಯ ಕೈ ತೊಳೆಯಲು ಹಿತ್ತಲಿಗೆ ಹೋದಳು. ಅಲ್ಲಿ ಸೆಟೆದುಕೊಂಡು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದಳು. ಕಲ್ಲಿನ ಅಂಚು ತಲೆಗೆ ಬಡಿದಿತ್ತು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಉಸಿರು ನಿಂತಿತ್ತು.

ಅಲ್ಲಿದ್ದ ವಯಸ್ಸಿನ್ನೂ ಚಿಕ್ಕದಾದ ಲೇಡಿ ಡಾಕ್ಟರು ಮಾತ್ರೆಯ ಹಾಳೆ ತರಿಸಿ ನೋಡಿದರು. “ಇದು ಅಫೀಮಿನ ಜಾತಿಯ ನೋವಿನ ಮಾತ್ರೆ ಅಮ್ಮ. ಎಲ್ಲರಿಗೂ ಅಲ್ಲ, ಕೆಲವರಿಗೆ ಇದರಿಂದ ಫಿಟ್ಸ್ ಬರುತ್ತೆ. ಮುಂಚೆ ಯಾವತ್ತಾದ್ರೂ ಬಂದಿತ್ತಾ?”

“ಬಂದಿತ್ತು ಕಣವ್ವ. ಇದೇ ಮಾತ್ರೆ ತಕಂಡ ಮ್ಯಾಲೆ, ಒಂದ್ಸಲ.”

ಡಾಕ್ಟರು ಮಾತ್ರೆಯ ಹಾಳೆಯನ್ನು ಮೇಜಿನ ಮೇಲಿಟ್ಟರು. “ಹಾಗಾದ್ರೆ ಮಾತ್ರೆಯದ್ದೇ ಇರಬೇಕು. ಅವಳಿಗೆ ಮೂರ್ಛೆರೋಗ ಇದ್ದ ಹಾಗೆ ಕಾಣಲ್ಲ. ಮಾತ್ರೆ ಬದಲಾಯಿಸಿದ್ದರೆ ಸಾಕಾಗಿತ್ತು.”

ಇಲ್ಲದ ರೋಗವೊಂದನ್ನು ಚನ್ನಾಜಮ್ಮ ಊರಿಗೆಲ್ಲ ಕಾಣದ ಹಾಗೆ ಮುಚ್ಚಿಟ್ಟಿದ್ದಳು.

ಹೊಲದಲ್ಲಿ ಮಣ್ಣು ಮಾಡಿದ ಮೂರನೆಯ ದಿನ ಹಾಲು-ತುಪ್ಪ. ಹೊನ್ನೂರಿನಿಂದ ಹತ್ತಾರು ಜನ ಬಂದಿದ್ದರು, ಶಿವನಂಜಮ್ಮನೂ ಇದ್ದಳು. ಗುರುಪ್ರಕಾಶ ಒಂದು ಪಕ್ಕಕ್ಕೆ ನಿಂತಿದ್ದ. ಹಾಲಿನ ತಂಬಿಗೆ ಹಿಡಿದಿದ್ದ ಚನ್ನಾಜಮ್ಮ ತಡೆಯಲಾರದೆ ಅವನ ಹತ್ತಿರ ಹೋದಳು.

“ನಿಮ್ಗೆ ಗೊತ್ತಾಗ್ಬಾರ್ದು ಅಂತ ಮುಚ್ಚಿಟ್ಟಿದ್ದೆ ಕಣಪ್ಪ. ಮೊದ್ಲೇ ಒಂದ್ಸಲ ಫಿಟ್ಸ್ ಬಂದಿತ್ತು.”

“ನಂಗ್ ಗೊತ್ತು ಅತ್ತೆ,” ಎಂದ ಗುರುಪ್ರಕಾಶ. “ಅವತ್ತೇ ಫೋನ್ ಮಾಡಿ ಯೋಳಿದ್ಲು. ಅದ್ಕೇನಂತೆ, ಮದ್ವೆ ನಿಲ್ತದಾ, ನೀ ಮೊದ್ಲು ಡಾಕ್ಟ್ರುಗೆ ಯೋಳು ಅಂದೆ.” ಅವನು ಸಮಾಧಿಯ ಕಡೆ ತಿರುಗಿದ. “ನಮ್ಮವ್ವ ಯೋಳ್ತದೆ ಅಂದ್ಲು.”

ಚನ್ನಾಜಮ್ಮ ತಂಬಿಗೆಯ ಸಮೇತ ಹಸಿ ಮಣ್ಣಿನ ಮೇಲೆ ಕುಸಿದು ಕೂತಳು.

“ಯೋಳ್ನಿಲ್ಲ ಕಣ್ ಮಗ,” ಎಂದಳು ಮಣ್ಣಿಗೆ ಬಾಯಿ ಹಚ್ಚಿ. “ನಾ ಯೋಳ್ನಿಲ್ಲ.”

ಹೊನ್ನೂರಿನವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದಳು.