ಹಾಲಿಗೆ ಹೇಳಿದ ಮಾತು

"ಪಾಸ್‌ವರ್ಡ್ ನೆನಪಿಲ್ಲಂತ ಹೇಳವಾ ತಂಗಿ ಅವಗ," ಎಂದು ಚನ್ನಬಸವಣ್ಣ ಮೇಜಿನ ಮೇಲಿದ್ದ ಸ್ಪೀಕರಿನ ಕಡೆ ಬಗ್ಗಿ ಹೇಳಿದ.

ಸುಮಿತ್ರವ್ವ ಗಂಡನ ಮುಖ ನೋಡಿದಳು. ಮೂವತ್ತೊಂದು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ಗೊತ್ತಾಗದೆ ಇದ್ದೀತೆ? ಸುಳ್ಳು ಹೇಳುವಾಗ ಅವನ ಎಡಗೈ ತಾನಾಗಿಯೇ ಹೋಗಿ ಅಂಗಿಯ ಕಾಲರು ಸರಿಮಾಡುತ್ತಿತ್ತು. ಈಗ ಎರಡೂ ಕೈ ಕಾಲರಿನ ಮೇಲಿದ್ದವು.

ಮುಂಡರಗಿಯ ಪೇಟೆಯಲ್ಲಿ ಚನ್ನಬಸವಣ್ಣನದು ಪಂಪ್‌ಸೆಟ್ಟಿನ ಅಂಗಡಿ. ಆ ವರ್ಷ ಗುರಿ ಮೀರಿ ಮೋಟರು ಮಾರಿದ ಡೀಲರುಗಳನ್ನು ಕಂಪನಿಯವರು ಹೆಂಡತಿ ಸಮೇತ ಐದು ದಿನ ಪರದೇಶಕ್ಕೆ ಕರೆದುಕೊಂಡು ಬಂದಿದ್ದರು. ಉಳಿದ ಹದಿನಾಲ್ಕು ಜೋಡಿಗಳು ವಿಮಾನ ಇಳಿದು, ಪಾಸ್‌ಪೋರ್ಟಿಗೆ ಠಸ್ಸೆ ಹಾಕಿಸಿಕೊಂಡು, ಆಗಲೇ ಹೊರಗೆ ಬಸ್ಸಿನಲ್ಲಿ ಕುಳಿತಿದ್ದವು. ಇವನೊಬ್ಬನನ್ನೇ ತಪಾಸಣೆಯವರು ಬದಿಗೆ ಕರೆದಿದ್ದರು. ಸಾಲಿನಲ್ಲಿ ನಿಂತಾಗ ಫೋನನ್ನು ಎದೆಗವಚಿ ಹಿಡಿದುಕೊಂಡಿದ್ದೇ ಅದಕ್ಕೆ ಕಾರಣವಿರಬೇಕು. ಫೋನ್ ಕೊಡಿ ಎಂದು ಆ ಎಳೆಮುಖದ ಅಧಿಕಾರಿ ಕೈಚಾಚಿದಾಗ ಇವನು ಅದನ್ನು ಬನಿಯನ್ನಿನ ಒಳಗೇ ಇಳಿಸಿಬಿಟ್ಟ. ಆಮೇಲೆ ಈ ಸಣ್ಣ ಕೋಣೆ, ಮೂರು ಕುರ್ಚಿ, ಮತ್ತು ಅರ್ಧ ತಾಸು ಹುಡುಕಿ ಸ್ಪೀಕರಿನಲ್ಲಿ ಹಿಡಿದು ಕೊಟ್ಟ ಒಬ್ಬ ದುಭಾಷಿ: ಆ ದೇಶದಲ್ಲೇ ನೆಲೆಸಿದ, ಮಂಡ್ಯ ಕಡೆಯ ಸುಶ್ಮಿತಾ ಎಂಬಾಕೆ.

"ನೆನಪಿಲ್ಲ ಅಂದ್ರೆ ಫೋನ್ ಇಲ್ಲೇ ಇಟ್ಕೋತಾರಂತೆ ಸರ್. ನಿಮ್ಮನ್ನ ಇದೇ ವಿಮಾನದಲ್ಲಿ ವಾಪಸ್ ಕಳಿಸಿದ್ರೂ ಕಳಿಸಬಹುದಂತೆ," ಎಂದಳು ಸುಶ್ಮಿತಾ.

"ಅಂಥಾದ್ದು ಏನೈತ್ರಿ ಅದ್ರಾಗ?" ಸುಮಿತ್ರವ್ವ ಕೇಳಿದಳು.

"ಏನಿಲ್ಲ."

"ಏನಿಲ್ಲಂದ್ರ ತಗದ ಕೊಡ್ರಿ."

"ಅದು ನಂದು ಖಾಸಗಿ ಐತಿ."

ಖಾಸಗಿ! ಬಚ್ಚಲಮನೆಯ ಬಾಗಿಲು ಮುಂದೆ ಮಾಡದೆ ಜಳಕ ಮಾಡುವ ಮನುಷ್ಯನ ಬಾಯಲ್ಲಿ ಈ ಶಬ್ದ ಬಂದದ್ದೇ ತಡ, ಸುಮಿತ್ರವ್ವ ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು. ಅಂಗಡಿಯಲ್ಲಿ ಕೆಲಸಕ್ಕಿದ್ದ ಫಕ್ರುಸಾಬ ಒಮ್ಮೆ ಹೇಳಿದ್ದ: "ಮಧ್ಯಾಹ್ನ ಗಿರಾಕಿ ಇರದಾಗ ಸಾವಕಾರ್ರು ಕಿವ್ಯಾಗ ವೈರ್ ಹಾಕ್ಕೊಂಡು ತಾವ ನಗ್ತಾರ್ರೀ ವೈನಿ." ಆಗ ಅವಳು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಮನೆಯಲ್ಲಿ ಇಡೀ ದಿನಕ್ಕೆ 'ಹಾಕು, ಸಾಕು, ನೀರು, ಬಾಗಿಲ ಹಾಕ್ಕೊ' ಎಂಬಷ್ಟೇ ಮಾತಾಡುವವನು ಅಲ್ಲಿ ಯಾರ ಮಾತಿಗೆ ನಗುತ್ತಿದ್ದ?

"ಯಾರಕಿ?" ಎಂದಳು, ಹಲ್ಲು ಬಿಗಿಹಿಡಿದು.

ಚನ್ನಬಸವಣ್ಣ ಒಮ್ಮೆ ಹೆಂಡತಿಯನ್ನೂ ಒಮ್ಮೆ ಅಧಿಕಾರಿಯನ್ನೂ ನೋಡಿದ. ಇಬ್ಬರಲ್ಲಿ ಅಧಿಕಾರಿಯೇ ಮೆದುವಾಗಿ ಕಂಡಿರಬೇಕು. ಬನಿಯನ್ನಿನೊಳಗಿಂದ ಫೋನ್ ತೆಗೆದು, ನಾಲ್ಕು ಅಂಕಿ ಒತ್ತಿ ಅವನ ಕೈಗಿಟ್ಟ.

ಅಧಿಕಾರಿ ಮೊದಲು ಫೋಟೋಗಳನ್ನು ತೆರೆದ. ಒಂದರ ಮೇಲೊಂದು ಕಬ್ಬಿಣದ ಡಬ್ಬಿ, ಡಬ್ಬಿಯೊಳಗೆ ಕೆಂಪು ಹಳದಿ ನೀಲಿ ವೈರು, ಸುಟ್ಟು ಕರಕಾದ ತಂತಿಯ ಸುರುಳಿ, ನೆಲದಲ್ಲಿ ಕತ್ತಲ ತೂತು. ರೈತರು ತಮ್ಮ ಮೋಟರಿನ ರೋಗ ತೋರಿಸಲು ಕಳಿಸಿದವು, ಮುನ್ನೂರು ನಾನೂರು ಇದ್ದವು. ಅಧಿಕಾರಿಯ ಮುಖ ಬಿಗಿಯಾಯಿತು. ಒಂದು ಧ್ವನಿಸಂದೇಶ ಒತ್ತಿದ. ಹಮ್ಮಿಗಿಯ ರೈತ ಮೈಲಾರಪ್ಪನ ಗಂಟಲು ಕೋಣೆ ತುಂಬಿತು:

"ಸಾವಕಾರ್ರ, ಎರಡೂ ಹೋದ್ವು ನೋಡ್ರಿ. ಮುಂಜಾನಿ ಬಟನ್ ಒತ್ತಿದ ಕೂಡ್ಲೇ ಢಂ ಅಂತು. ಇನ್ನೊಂದ ಜಲ್ದಿ ಕಳಸ್ರಿ. ಈ ಸಲ ದೊಡ್ಡದ ಇರ್ಲಿ. ಹೊಳ್ಯಾಗ ಇಳಸೂ ಜವಾಬ್ದಾರಿ ನಂದು!"

ಸುಶ್ಮಿತಾ ಒಂದಕ್ಷರ ಬಿಡದೆ ಅನುವಾದ ಮಾಡಿದಳು. ಅದೇ ಎಡವಟ್ಟಾಯಿತು. ಅಧಿಕಾರಿ ಎದ್ದು ಹೋಗಿ ಇನ್ನೊಬ್ಬನನ್ನು ಕರೆತಂದ. ಆ ಇನ್ನೊಬ್ಬ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಅಯ್ಯ, ನೀರೆತ್ತೂ ಮೋಟರ ಅದು!" ಎಂದು ಸುಮಿತ್ರವ್ವ ಎದ್ದಳು. ಸಿಟ್ಟು ಗಂಡನ ಮೇಲಿದ್ದರೂ ಅವನನ್ನು ಯಾರದೋ ಕೈಗೆ ಕೊಡುವ ಮನಸ್ಸಿರಲಿಲ್ಲ, ವಿಚಾರಿಸಿಕೊಳ್ಳುವವಳು ತಾನು. ಮೇಜನ್ನೇ ತುಂಗಭದ್ರೆ ಮಾಡಿ, ನೀರಿನ ಬಾಟಲಿಯನ್ನು ಅದರಲ್ಲಿ ಮುಳುಗಿಸಿ, ಸೆರಗನ್ನು ಪೈಪಿನಂತೆ ಉದ್ದಕ್ಕೆ ಹಿಡಿದು, "ಭರ್ರ್..." ಎಂದು ನೀರೆತ್ತಿ ತೋರಿಸಿದಳು. ಬಾಗಿಲಲ್ಲಿದ್ದವನು ತನ್ನ ಫೋನಿನಲ್ಲಿ ಪಂಪಿನ ಚಿತ್ರ ಹುಡುಕಿ ಹೋಲಿಸಿ ನೋಡಿದ. ತಲೆಯಾಡಿಸಿ ಹೊರಟುಹೋದ.

ಎಲ್ಲಾ ಮುಗಿಯಿತು ಎನ್ನುವಾಗ ಅಧಿಕಾರಿಯ ಬೆರಳಿಗೆ ಇನ್ನೊಂದು ಕಂತೆ ಸಿಕ್ಕಿತು. ಅರವತ್ಮೂರು ಧ್ವನಿಮುದ್ರಣ. ಹೆಸರಿಲ್ಲ, ತಾರೀಖು ಮಾತ್ರ.

"ಅವು ಬ್ಯಾಡ್ರಿ!" ಚನ್ನಬಸವಣ್ಣ ಎದ್ದೇಬಿಟ್ಟ.

ಅಧಿಕಾರಿ ಒತ್ತಿದ. ಪಾತ್ರೆಯ ಸದ್ದು, ಆಮೇಲೆ ಹೆಣ್ಣುದನಿ. ಸುಮಿತ್ರವ್ವ ಕುರ್ಚಿಯ ಅಂಚಿಗೆ ಸರಿದಳು. ಬಂತು ನೋಡು! ಎಂಥ ಗಂಡುಬೀರಿ ಗಂಟಲು, ಇಂಥವಳಲ್ಲಿ ಇವನು ಏನು ಕಂಡ ಎಂದು ಅವಳು ಅಂದುಕೊಳ್ಳುತ್ತಿರುವಾಗಲೇ ಆ ಹೆಣ್ಣು ಮಾತಾಡತೊಡಗಿತು.

"ಉಕ್ಕು, ಉಕ್ಕು. ನಾ ಆಕಡಿ ಹೊಳ್ಳೂದನ್ನ ಕಾಯ್ತಿರ್ತಿ. ನಿಮ್ಮವ್ವ ಎಮ್ಮಿ ಎಷ್ಟ ಗರೀಬ, ಒದಿಯೂದಿಲ್ಲ ಹಾಯೂದಿಲ್ಲ, ನೀ ಯಾಕ ಹಿಂಗ ಹುಟ್ಟಿದಿ? ಇನ್ನೊಮ್ಮಿ ಉಕ್ಕಿದ್ರ ಹೆಪ್ಪ ಹಾಕಿ ಕುಂಡ್ರಸ್ತೀನಿ ನೋಡು!"

ಆ ಹೆಣ್ಣು ತಾನೇ ಎಂದು ತಿಳಿಯಲು ಸುಮಿತ್ರವ್ವನಿಗೆ ಎಮ್ಮೆಯವರೆಗೂ ಬೇಕಾಯಿತು.

ಹಾಲಿಗೆ ಬೈಯುತ್ತಿದ್ದಾರೆ ಎಂದು ಸುಶ್ಮಿತಾ ತಿಳಿಸಿದಳು. ಅಧಿಕಾರಿ ಹುಬ್ಬು ಗಂಟಿಕ್ಕಿ ಮರುಪ್ರಶ್ನೆ ಕೇಳಿದ.

"ಅಮ್ಮ, 'ಹಾಲು' ಅಂದ್ರೆ ಯಾರು ಅಂತ ಕೇಳ್ತಿದಾರೆ."

"ಹಾಲಂದ್ರ ಹಾಲ!"

ಅಧಿಕಾರಿಗೆ ನಂಬಿಕೆ ಬರಲಿಲ್ಲ. ಇನ್ನೊಂದು ಒತ್ತಿದ. ಅದರಲ್ಲಿ ಮಿಕ್ಸರಿಗೆ ಬೈಗುಳವಿತ್ತು. ಮತ್ತೊಂದರಲ್ಲಿ ಸೊರಟೂರಿನ ನಾದಿನಿಗೆ ಹೇಳಬೇಕಾಗಿದ್ದ ಜವಾಬನ್ನೆಲ್ಲ ಬದನೆಕಾಯಿಗೆ ಹೇಳಿದ್ದಳು. ಸುಶ್ಮಿತಾಳ ಅನುವಾದದಲ್ಲಿ ನಡುನಡುವೆ ನಗು ನುಸುಳತೊಡಗಿತು. ಅಧಿಕಾರಿ ಇನ್ನೂ ಒಂದನ್ನು ಒತ್ತಿದ. ರೊಟ್ಟಿ ಬಡಿಯುವ ಸಪ್ಪಳ.

"ಅಂಗಡ್ಯಾಗ ಮಂದಿ ಜೋಡಿ ಮೋಟರಿನ ಸುದ್ದಿ ತಾಸುಗಟ್ಟಲೆ. ಮನಿಗೆ ಬಂದ್ರ ಬಾಯಿಗೆ ಬೀಗ. ನೀನರ ಬಡದಷ್ಟು ಉಬ್ಬತೀಯವಾ. ಇವರ ಮುಂದ ಹೇಳೂದೂ ಒಂದ, ಗ್ವಾಡಿ ಮುಂದ ಹೇಳೂದೂ ಒಂದ. ನಾಳಿ ನಾ ಸತ್ರ ಇವರಿಗೆ ಖಬರ ಹತ್ತೂದು ಗಂಗಾಳದಾಗ ರೊಟ್ಟಿ ಬೀಳದಾಗ..." ಬಡಿಯುವ ಸಪ್ಪಳ ನಿಂತಿತು. ಮೂಗು ಒರೆಸಿಕೊಂಡ ಸದ್ದು. ಮತ್ತೆ ಬಡಿತ.

"ಅಮ್ಮ," ಎಂದಳು ಸುಶ್ಮಿತಾ, "ಇದನ್ನೂ ಹೇಳ್ಲಾ?"

"ಬ್ಯಾಡವಾ."

ಅಧಿಕಾರಿ ತಾನೇ ನಿಲ್ಲಿಸಿದ. ಆದರೆ ಕಾನೂನು ನಿಲ್ಲಲಿಲ್ಲ. ಒಂದು ಕಾಗದ ಮುಂದೆ ಸರಿಸಿದ: ಫೋನಿನಲ್ಲಿದ್ದುದನ್ನೆಲ್ಲ ನಕಲು ಮಾಡಿ ಇಟ್ಟುಕೊಳ್ಳುತ್ತಾರಂತೆ, ಫೋನಿನ ಮಾಲಕರು ಇಲ್ಲಿ ಸಹಿ ಮಾಡಬೇಕಂತೆ. ಮುಗಿದರೆ ಸಾಕೆಂದು ಚನ್ನಬಸವಣ್ಣ ಪೆನ್ನು ಎತ್ತಿದ. ಸುಮಿತ್ರವ್ವ ಕಾಗದದ ಮೇಲೆ ಅಂಗೈ ಊರಿದಳು.

"ತಂಗಿ, ಅವಗ ಹೇಳು. ಫೋನ್ ಇವರದು, ಮಾತು ನಂದು. ನಾ ಹಾಲಿಗೆ ಹೇಳೀನಿ, ರೊಟ್ಟಿಗೆ ಹೇಳೀನಿ. ಇವರಿಗೆ ಹೇಳಿಲ್ಲ, ನಿಮ್ಮ ಸರಕಾರಕ್ಕಂತೂ ಹೇಳೇ ಇಲ್ಲ. ನನ್ನ ಅಡಗಿಮನಿ ಮಾತಿಗೆ ಇವರ ಸಹಿ ಹೆಂಗ ನಡೀತೈತಿ?"

ಸುಶ್ಮಿತಾ ಇದನ್ನು ಮಾತ್ರ ತುಸು ಏರುದನಿಯಲ್ಲೇ ಅನುವಾದ ಮಾಡಿದಳು. ಅಧಿಕಾರಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅಲ್ಲಿ ಮಾಲಕನಿಗೆ ಒಂದೇ ಗೆರೆಯಿತ್ತು. ಮಾತಿನ ಮಾಲಕಿಗೆ ಜಾಗವಿರಲಿಲ್ಲ. ಮೇಲಿನವರನ್ನು ಕೇಳಿ ಬರಲು ಎದ್ದುಹೋದ.

ಕೋಣೆಯಲ್ಲಿ ಗಂಡಹೆಂಡಿರು ಉಳಿದರು.

"ಎಷ್ಟ ದಿವಸದಿಂದ ನಡದೈತ್ರಿ ಇದು?"

"ಎರಡ ವರ್ಷ ಆತು. ಅಡಗಿಮನಿ ಕಡಿ ಪಡಸಾಲಿ ಕಿಡಕ್ಯಾಗ ಫೋನ್ ಚಾಲೂ ಮಾಡಿ ಇಟ್ಟ ಬಿಡ್ತಿದ್ದೆ."

"ಕಳ್ಳರಂಗ."

"ಹ್ಞೂಂ."

"ಕೇಳಿ ನಗ್ತಿದ್ರಿ."

"ನಗ್ತಿದ್ದೆ." ಅವನು ಮೇಜಿನ ಅಂಚನ್ನು ಉಗುರಿನಿಂದ ಕೆರೆದ. "ರೊಟ್ಟೀದು ಕೇಳಿ ನಗಲಿಲ್ಲ."

"ಕೇಳಿದ ಮ್ಯಾಲ ಒಂದ ಮಾತ ಉತ್ತರ ಕೊಡಾಕ ಆಗಲಿಲ್ಲೇನ್ರಿ ನಿಮಗ?"

"ಕೊಟ್ಟಿದ್ರ ನಾ ಕೇಳ್ತೀನಂತ ಗೊತ್ತಾಗಿ ನೀ ಮಾತಾಡೂದ ಬಿಡ್ತಿದ್ದಿ."

ಸ್ಪೀಕರಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. "ಕ್ಷಮಿಸಿ ಸರ್, ನಾನಿನ್ನೂ ಲೈನಲ್ಲೇ ಇದ್ದೀನಿ. ಇದನ್ನ ಅವರಿಗೆ ಹೇಳಲ್ಲ ಬಿಡಿ."

ಅಷ್ಟರಲ್ಲಿ ಅಧಿಕಾರಿ ನರೆಗೂದಲಿನ ಹೆಂಗಸೊಬ್ಬಳೊಂದಿಗೆ ಬಂದ. ಆಕೆ ನಿಂತುಕೊಂಡೇ ಕಾಗದ ಓದಿದಳು, ಸುಮಿತ್ರವ್ವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಸುಶ್ಮಿತಾಳಿಗೆ ನಾಲ್ಕು ಮಾತು ಹೇಳಿದಳು.

"ನಕಲು ಮಾಡಲ್ವಂತೆ ಅಮ್ಮ. ಪಂಪಿನ ಫೋಟೋ ನೋಡಿದ್ವಿ ಅಂತಷ್ಟೇ ಬರ್ಕೋತಾರಂತೆ. ನೀವಿನ್ನು ಹೋಗಬಹುದು."

ಹಿರಿಯ ಅಧಿಕಾರಿ ಮೇಜಿನಿಂದ ಫೋನ್ ಎತ್ತಿದಳು. ಚನ್ನಬಸವಣ್ಣ ಕೈಚಾಚಿದ. ಆಕೆ ಆ ಕೈಯನ್ನು ದಾಟಿಸಿ ಅದನ್ನು ಸುಮಿತ್ರವ್ವನಿಗೆ ಕೊಟ್ಟಳು.

ಬಸ್ಸಿನಲ್ಲಿ ಕಾದು ಬೇಸತ್ತವರೆಲ್ಲ ಒಟ್ಟಿಗೆ ತಿರುಗಿದರು. "ಏನಾತ್ರಿ ಚನ್ನಬಸವಣ್ಣ?" ಎಂದು ಲಕ್ಷ್ಮೇಶ್ವರದ ಡೀಲರು ಸುಭಾಷ ಕೂಗಿದ.

"ಮೋಟರ್ ಫೋಟೋ ನೋಡಿ ಅಂಜಿದ್ರಪಾ," ಎಂದು ಇವನು ಹಿಂದಿನ ಸೀಟಿಗೆ ನಡೆದ.

ಸುಮಿತ್ರವ್ವ ಕಿಟಕಿಯ ಬದಿಗೆ ಕೂತು, ಇಬ್ಬರ ನಡುವೆ ತನ್ನ ಚೀಲ ಇಟ್ಟಳು. "ಅಳಸೂದು ಹೆಂಗ?" ಎಂದಳು. ಅವನು ತೋರಿಸಿಕೊಟ್ಟ. ಒಂದೊಂದಕ್ಕೂ ಫೋನು 'ಖರೇನ ಅಳಿಸಲೇ' ಎಂಬಂತೆ ಇನ್ನೊಮ್ಮೆ ಕೇಳುತ್ತಿತ್ತು, ಒಂದೊಂದಕ್ಕೂ ಅವಳ ಬೆರಳು ಹೌದೆನ್ನುತ್ತಿತ್ತು. ಹಾಲು ಹೋಯಿತು, ಮಿಕ್ಸರು ಹೋಯಿತು, ಬದನೆಕಾಯಿ ಹೋಯಿತು. ರೊಟ್ಟಿ ಬಂದಾಗ ಬೆರಳು ತುಸು ತಡೆಯಿತು, ಆಮೇಲೆ ಅದೂ ಹೋಯಿತು. ಬೋಳಾದ ಫೋನನ್ನು ಅವಳು ಅವನ ತೊಡೆಯ ಮೇಲಿಟ್ಟಳು.

ಬಸ್ಸು ಊರು ದಾಟಿ ಹೊಲಗಳ ನಡುವಿನ ದಾರಿಗೆ ಬಿತ್ತು. ಎಷ್ಟೋ ಹೊತ್ತಿನ ಮೇಲೆ ಚನ್ನಬಸವಣ್ಣ ಕೆಮ್ಮಿದ.

"ಆ ಗಾಲಿ ಮ್ಯಾಲಿನ ಪೈಪ್ ನೋಡಿದೇನು? ಇಡೀ ಹೊಲ ತಾನ ತಿರಗಿ ನೀರ ಹೊಡಿತೈತಿ." ಅವಳು ಹ್ಞೂಂ ಎನ್ನಲಿಲ್ಲ. ಅವನು ನಿಲ್ಲಿಸಲಿಲ್ಲ. ಪೈಪಿನ ಮಾತು ಡೋಣಿ ಊರಿನ ಬೋರ್‌ವೆಲ್ಲಿಗೆ ಹೋಯಿತು, ಅಲ್ಲಿಂದ ತಾನು ಮೊದಲು ಮಾರಿದ ಮೋಟರಿಗೆ, ಅಲ್ಲಿಂದ ವಿಮಾನ ಮೇಲೇರುವಾಗ ತನಗೆ ಬಂದ ಅಂಜಿಕೆಗೆ. "ನಿನ್ನ ಕೈ ಹಿಡ್ಕೋಬೇಕಂತ ಮಾಡಿದ್ದೆ. ನೀ ನಿದ್ದಿ ಹೊಡೀತಿದ್ದಿ," ಎಂದ.

ಸುಮಿತ್ರವ್ವ ಹೊರಗೆ ನೋಡುತ್ತಲೇ ಇದ್ದಳು. ನೋಡುತ್ತಲೇ ಒಂದು ಕೈಯಿಂದ ನಡುವಿನ ಚೀಲವನ್ನೆತ್ತಿ ಕಾಲ ಬುಡಕ್ಕೆ ಇಳಿಸಿದಳು.